ಸುಣ್ಣದ ಭಟ್ಟಿಯ ಅನಿಲ: ಗ್ರಿಡ್ ಸಣ್ಣದಾದಂತೆ ವಿಕಿರಣದ ಲೆಕ್ಕ ಏಕೆ ಏರುತ್ತಿದೆ?

ಪ್ರಶ್ನೆ (ಶಹಾಬಾದ್, ಕಲಬುರಗಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಕಲ್ಲಿದ್ದಲಿನಿಂದ ಉರಿಯುವ ಸುಣ್ಣದ ಭಟ್ಟಿಯ ಬಿಸಿ ಅನಿಲವು 1 ಮೀಟರ್ ವ್ಯಾಸದ ಉದ್ದನೆಯ ಕೊಳವೆಯಲ್ಲಿ ಸಾಗುವಾಗ ಗೋಡೆಗೆ ವಿಕಿರಣದಿಂದ ಎಷ್ಟು ಶಾಖ ಹೋಗುತ್ತದೆ ಎಂದು ತಿಳಿಯಲು ಪೈಥಾನ್‌ನಲ್ಲಿ ಒಂದು ಕೋಡ್ ಬರೆದಿದ್ದೇನೆ. ಅನಿಲದ ಉಷ್ಣತೆ ನಡುವೆ 1600 ಕೆಲ್ವಿನ್, ಗೋಡೆಯ ಬಳಿ 800 ಕೆಲ್ವಿನ್ ಎಂದು ಇಟ್ಟುಕೊಂಡಿದ್ದೇನೆ. ವ್ಯಾಸವನ್ನು 20 ಸೆಲ್‌ಗಳಾಗಿ (ಲೆಕ್ಕದ ಗ್ರಿಡ್‌ನ ಸಣ್ಣ ತುಂಡುಗಳಾಗಿ) ಭಾಗಿಸಿದರೆ ಒಂದು ಉತ್ತರ ಬರುತ್ತದೆ, 40 ಮಾಡಿದರೆ ಅದಕ್ಕಿಂತ ಹೆಚ್ಚು, 80 ಮಾಡಿದರೆ ಇನ್ನೂ ಹೆಚ್ಚು. ಪ್ರತಿ ಸೆಲ್‌ನ ಅಗಲಕ್ಕೆ ತಕ್ಕ ಎಮಿಸಿವಿಟಿಯನ್ನು (ಅದೇ ಉಷ್ಣತೆಯ ಕಪ್ಪು ವಸ್ತುವಿಗೆ ಹೋಲಿಸಿದರೆ ಅನಿಲ ಹೊರಸೂಸುವ ಪಾಲು) ತೆಗೆದುಕೊಂಡು, ಅದರಿಂದ ಹೀರಿಕೆಯ ಗುಣಾಂಕವನ್ನು (ಒಂದು ಮೀಟರ್ ದಾರಿಯಲ್ಲಿ ಅನಿಲ ಎಷ್ಟು ಗಟ್ಟಿಯಾಗಿ ಹೀರುತ್ತದೆ ಎಂಬ ಅಳತೆ) ಲೆಕ್ಕ ಹಾಕುತ್ತಿದ್ದೇನೆ. ಈ ರಗಳೆಯೇ ಬೇಡವೆಂದು ಇಡೀ ಕೊಳವೆಗೆ ಸರಾಸರಿ 1200 ಕೆಲ್ವಿನ್ ಹಾಕಿದರೆ ನಡೆಯುತ್ತದೆಯೇ?

ಉತ್ತರ (ಬೀದರ್)

ದೋಷ ಇರುವುದು ಗ್ರಿಡ್‌ನಲ್ಲಲ್ಲ, ಗುಣಾಂಕ ತೆಗೆಯಲು ನೀವು ಬಳಸುತ್ತಿರುವ ಉದ್ದದಲ್ಲಿ. ಇಂಗಾಲದ ಡೈಆಕ್ಸೈಡ್ 2.7, 4.3 ಮತ್ತು 15 ಮೈಕ್ರಾನ್‌ಗಳ ಸುತ್ತಲಿನ ತರಂಗಾಂತರ ಪಟ್ಟಿಗಳಲ್ಲಷ್ಟೇ ಗಟ್ಟಿಯಾಗಿ ಹೀರುತ್ತದೆ. ಆ ಪಟ್ಟಿಗಳ ಪ್ರಬಲ ರೇಖೆಗಳು ಕೆಲವೇ ಸೆಂಟಿಮೀಟರ್‌ಗಳಲ್ಲಿ ತುಂಬಿಹೋಗುವುದರಿಂದ, ಅಂದರೆ ಆ ತರಂಗಾಂತರಗಳ ವಿಕಿರಣವನ್ನು ಬಹುತೇಕ ಪೂರ್ತಿ ಹೀರಿಬಿಡುವುದರಿಂದ, ಮುಂದೆ ದಾರಿ ಎಷ್ಟು ಉದ್ದವಾದರೂ ಎಮಿಸಿವಿಟಿ ನಿಧಾನವಾಗಿಯೇ ಏರುತ್ತದೆ. 1 ಮೀಟರ್ ದಾರಿಗೆ ಎಮಿಸಿವಿಟಿ 0.20 ಎಂದುಕೊಂಡರೆ ಗುಣಾಂಕ ಮೀಟರಿಗೆ 0.22 ಆಗುತ್ತದೆ, 5 ಸೆಂಟಿಮೀಟರ್‌ಗೆ 0.08 ಎಂದುಕೊಂಡರೆ ಅದೇ ಗುಣಾಂಕ 1.67ಕ್ಕೆ ಜಿಗಿಯುತ್ತದೆ. ಅನಿಲ ಅದೇ, ಉಷ್ಣತೆ ಅದೇ, ಬದಲಾದದ್ದು ನಿಮ್ಮ ಸೆಲ್ ಮಾತ್ರ. ಸೆಲ್‌ನ ಅಗಲದ ಬದಲು ಇಡೀ ಕೊಳವೆಯ ಸರಾಸರಿ ಕಿರಣದ ಉದ್ದವನ್ನು (ವಿಕಿರಣ ಅನಿಲದೊಳಗೆ ಗೋಡೆಯವರೆಗೆ ಸಾಗುವ ಸರಾಸರಿ ದಾರಿ), ಅಂದರೆ ವ್ಯಾಸದ ಸುಮಾರು 0.95 ಪಟ್ಟನ್ನು, ಎಮಿಸಿವಿಟಿಗೂ ಅದರಿಂದ ತೆಗೆಯುವ ಗುಣಾಂಕಕ್ಕೂ ಬಳಸಿದರೆ ಈ ಏರಿಕೆ ನಿಲ್ಲುತ್ತದೆ.

1200 ಕೆಲ್ವಿನ್ ಮಾತ್ರ ಬೇಡ. ದಾರಿಯ ಅರ್ಧ 1600ರಲ್ಲಿ, ಅರ್ಧ 800ರಲ್ಲಿ ಇದ್ದರೆ ನಾಲ್ಕನೇ ಘಾತಗಳ ಸರಾಸರಿಯು 1366 ಕೆಲ್ವಿನ್‌ಗೆ ಸಮ. 1200 ಹಾಕಿದರೆ ಹೊರಸೂಸುವಿಕೆ ಸುಮಾರು ಶೇ 40ರಷ್ಟು ಕಡಿಮೆ ಬರುತ್ತದೆ. ಹಾಗೆಂದು 1366 ಹಾಕಿ ಕೈತೊಳೆದುಕೊಳ್ಳುವಂತೆಯೂ ಇಲ್ಲ, ಏಕೆಂದರೆ ನಡುವಿನ ಬಿಸಿ ಅನಿಲ ಯಾವ ತರಂಗಾಂತರಗಳಲ್ಲಿ ಹೊರಸೂಸುತ್ತದೆಯೋ ಬಹುಪಾಲು ಅವನ್ನೇ ಗೋಡೆಯ ಬಳಿಯ ತಣ್ಣನೆಯ ಅನಿಲ ಹೀರುತ್ತದೆ. ಒಂದೇ ಗುಣಾಂಕದ ಲೆಕ್ಕಕ್ಕೆ ಈ ತಡೆ ಸರಿಯಾಗಿ ಕಾಣುವುದಿಲ್ಲ.

ಆದ್ದರಿಂದ ಹಲವು ಗ್ರೇ ಗ್ಯಾಸ್‌ಗಳ (ಎಲ್ಲ ತರಂಗಾಂತರಗಳನ್ನೂ ಒಂದೇ ಸಮನೆ ಹೀರುವ ಕಲ್ಪಿತ ಅನಿಲಗಳ) ತೂಕದ ಮೊತ್ತದ ವಿಧಾನಕ್ಕೆ ಬನ್ನಿ. ಅದರಲ್ಲಿ ಪ್ರತಿ ಗ್ರೇ ಗ್ಯಾಸ್‌ಗೆ ಒಂದು ಸ್ಥಿರ ಗುಣಾಂಕವಿದ್ದು, ಆಯಾ ಜಾಗದ ಉಷ್ಣತೆಗೆ ತಕ್ಕಂತೆ ಬದಲಾಗುವುದು ತೂಕ, ಅಂದರೆ ಮೊತ್ತದಲ್ಲಿ ಅದರ ಪಾಲು, ಮಾತ್ರ. ಪ್ರತಿಯೊಂದಕ್ಕೂ ವಿಕಿರಣ ಸಮೀಕರಣವನ್ನು ಬೇರೆಯಾಗಿ ಬಿಡಿಸಿ, ಕೊನೆಗೆ ಕೂಡಿಸಿ. ಮೊದಲೇ ಕೂಡಿಸಿಬಿಟ್ಟರೆ ಮತ್ತೆ ಅದೇ ಒಂದು ಗುಣಾಂಕಕ್ಕೆ ಬಂದು ನಿಲ್ಲುತ್ತೀರಿ. ಗೋಡೆ ಹೊರಸೂಸುವ ಭಾಗಕ್ಕೆ ಗೋಡೆಯ ಉಷ್ಣತೆಯ ತೂಕವನ್ನೇ ಹಾಕಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಸ್ಮಿತ್, ಶೆನ್ ಮತ್ತು ಫ್ರೀಡ್‌ಮನ್ 1982ರಲ್ಲಿ ಕೊಟ್ಟ ಗುಣಾಂಕಗಳನ್ನು ಹಾಕಿದ ಮೇಲೆ 40 ಮತ್ತು 80 ಸೆಲ್‌ಗಳ ಉತ್ತರಗಳು ಹೊಂದುತ್ತಿವೆ. ಮಿಶ್ರಣದ ಕೋಷ್ಟಕಗಳಲ್ಲಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಅನುಪಾತ 1 ಇರುವುದನ್ನು ಆರಿಸಿದ್ದೇನೆ. ಇದು ಸರಿಯೇ?

ಉತ್ತರ (ಬೀದರ್)

ನಿಮ್ಮ ಭಟ್ಟಿಗೆ ಸರಿಹೊಂದದು. ಅನುಪಾತ 1 ಮತ್ತು 2 ಎಣ್ಣೆ, ಮೀಥೇನ್‌ಗಳಂಥ ಇಂಧನದ ಹೊಗೆಗೆ ಹೊಂದುವಂಥವು. ನಿಮ್ಮಲ್ಲಿ ಕಲ್ಲಿದ್ದಲಿನ ಹೊಗೆಯ ಜೊತೆಗೆ ಸುಣ್ಣದಕಲ್ಲೂ ಅನಿಲ ಬಿಡುತ್ತದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್‌ನ ತೂಕದಲ್ಲಿ ಶೇ 44 ಇಂಗಾಲದ ಡೈಆಕ್ಸೈಡೇ. ಆದ್ದರಿಂದ ಅನುಪಾತ 1ಕ್ಕಿಂತ ಬಹಳ ಕೆಳಗಿರುತ್ತದೆ. ಅನುಪಾತ ಬದಲಾದಂತೆ ಹೊಂದಿಕೊಳ್ಳುವ ಹೊಸ ಗುಣಾಂಕಗಳೂ ಪ್ರಕಟವಾಗಿವೆ, ಅವನ್ನು ಬಳಸಿ. ಅನಿಲದಲ್ಲಿ ಸುಣ್ಣದ ಧೂಳು ತೇಲುತ್ತಿದ್ದರೆ ಅದನ್ನು ಬೇರೆಯಾಗಿ ಸೇರಿಸಬೇಕು, ಏಕೆಂದರೆ ಧೂಳು ತರಂಗಾಂತರ ಪಟ್ಟಿಗಳ ನಡುವಿನ ತೆರಪಿನಲ್ಲೂ ಹೊರಸೂಸುತ್ತದೆ, ಚದುರಿಸುತ್ತದೆ.

ಇದಕ್ಕೆಲ್ಲ ಮೊದಲು ಕೋಡ್‌ನಲ್ಲಿ ಇಡೀ ಅನಿಲಕ್ಕೆ ಒಂದೇ ಉಷ್ಣತೆ ಕೊಟ್ಟು, ಗೋಡೆಯನ್ನು ತಣ್ಣನೆಯ ಕಪ್ಪು ಮೇಲ್ಮೈ (ಬಿದ್ದ ವಿಕಿರಣವನ್ನೆಲ್ಲ ಹೀರುವಂಥದು) ಎಂದು ಇಟ್ಟು ಓಡಿಸಿ ನೋಡಿ. ಬಂದ ಉತ್ತರ 0.95 ಮೀಟರ್ ದಾರಿಯ ಎಮಿಸಿವಿಟಿಯಿಂದ ಕೈಯಲ್ಲಿ ಹಾಕಿದ ಲೆಕ್ಕಕ್ಕೆ ಹತ್ತಿರವಿಲ್ಲದಿದ್ದರೆ, ಸಮೀಕರಣ ಬಿಡಿಸುವ ಭಾಗದ ಕೋಡನ್ನು ಇಲ್ಲಿ ಹಾಕಿ.