ಯುದ್ಧಕಾಲದ ಆರನೇ ಜಾರ್ಜ್ ರೂಪಾಯಿ: ಬೆಳ್ಳಿ ಎಷ್ಟು, ಬೆಲೆ ಯಾವುದಕ್ಕೆ?

ಪ್ರಶ್ನೆ

ಆರನೇ ಜಾರ್ಜ್ ತಲೆಯ ಒಂದು ರೂಪಾಯಿ ನಾಣ್ಯ ನಾಲ್ಕಿವೆ: 1939, 1942, 1945, 1947. ಜೊತೆಗೆ 1943ರ ತೂತು ಬಿಲ್ಲೆ (ನಡುವೆ ತೂತಿರುವ ಒಂದು ಪೈಸೆ), ಅದೇ ವರ್ಷದ ಹಳದಿ ಒಂದಾಣೆ. ರೂಪಾಯಿ ಎಲ್ಲವೂ "ಅರ್ಧ ಬೆಳ್ಳಿ" ಅನ್ನುತ್ತಾರೆ, ನಿಜವೇ? ಯಾವುದನ್ನು ತೂಕಕ್ಕೆ ಹಾಕಬಹುದು?

ಉತ್ತರ 1

ಎರಡಕ್ಕೆ ಮಾತ್ರ ನಿಜ. 1940ರಲ್ಲಿ ಬೆಳ್ಳಿಯನ್ನು 12ರಲ್ಲಿ 11 ಪಾಲಿನಿಂದ ಅರ್ಧಕ್ಕೆ ಇಳಿಸಿದರು. ನಿಮ್ಮ 1942, 1945ರಲ್ಲಿ ಶೇ. 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ತೂಕ ಹಳೆಯದೇ, 11.66 ಗ್ರಾಂ, ಹಾಗಾಗಿ ಬೆಳ್ಳಿ 5.83 ಗ್ರಾಂ. ಸವೆದಿದ್ದರೆ ಇನ್ನೂ ಕಡಿಮೆ. 1947ರದ್ದು ಹಿಂಬದಿಯಲ್ಲಿ ಹುಲಿ ಇರುವ ಶುದ್ಧ ನಿಕ್ಕಲ್, ಅಯಸ್ಕಾಂತಕ್ಕೆ ಟಕ್ಕನೆ ಅಂಟುತ್ತದೆ.

ತೂತು ಬಿಲ್ಲೆ ಕಂಚು. ಒಂದಾಣೆ ಚೂರೇ ನಿಕ್ಕಲ್ ಬೆರೆಸಿದ ಹಿತ್ತಾಳೆ. ನಿಕ್ಕಲ್ ಯುದ್ಧಕ್ಕೆ ಬೇಕಿತ್ತು, ಅದಕ್ಕೇ ಆ ಹಳದಿ. ಎರಡೂ ಧಾರಾಳವಾಗಿ ಸಿಗುತ್ತವೆ.

ಉತ್ತರ 2

1939 ಅಂದಿರಲ್ಲ, ಅದನ್ನು ಮೊದಲು ನೋಡಿ! ಆರನೇ ಜಾರ್ಜ್ ರೂಪಾಯಿಗಳಲ್ಲಿ ಅಪರೂಪದ ವರ್ಷ ಅದು. ಅದಕ್ಕೇ ಇಸವಿ ತಿದ್ದಿದ ನಕಲಿಗಳೂ ಬಹಳ.

ಮೊದಲು ಅಂಚು ನೋಡಿ. ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಇದ್ದರೆ ಅದು 1940ರಿಂದ ಬಂದ ಭದ್ರತಾ ಅಂಚು. 1939 ಆಗಲು ಸಾಧ್ಯವಿಲ್ಲ. ಆಮೇಲೆ ಸಾಂದ್ರತೆ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೆ ತಾಗಬಾರದು. ಬರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಹಳೆ ಬೆಳ್ಳಿಯಾದರೆ, ಅಂದರೆ 12ರಲ್ಲಿ 11 ಪಾಲಿನದಾದರೆ, 10.3ರ ಸುತ್ತ (ತಕ್ಕಡಿ 1.13 ತೋರಿಸುತ್ತದೆ), ಅರ್ಧ ಬೆಳ್ಳಿಯಾದರೆ 9.5 (1.22). ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ಅಲ್ಲಾಡಿಸಿ ಬಿಡಿಸಿ.

ಉತ್ತರ 3

ಮೇಲಿನ ಪರೀಕ್ಷೆ ಸರಿ, ಆದರೆ ಅರ್ಧ ಕಥೆ. 1938ರದ್ದೂ ಹಳೆ ಬೆಳ್ಳಿಯೇ. ಅದರ 8ನ್ನು 9 ಮಾಡಿದ್ದರೆ ತಕ್ಕಡಿ ಏನೂ ಹೇಳದು. ಕೊನೆಯ ಅಂಕಿಯ ಸುತ್ತ 10 ಪಟ್ಟು ಭೂತಗನ್ನಡಿಯಲ್ಲಿ ಕೆರೆದ ಗುರುತು, ಬೆಸುಗೆಯ ಗೆರೆ, ಬೇರೆ ಬಣ್ಣ ಹುಡುಕಿ. ಅನುಮಾನ ಉಳಿದರೆ ನಾಣ್ಯ ಪ್ರಮಾಣೀಕರಿಸುವ ಸಂಸ್ಥೆಗೆ ಕಳಿಸುವುದೇ ದಾರಿ.

ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ಉಜ್ಜಬೇಡಿ. ಅರ್ಧ ಬೆಳ್ಳಿಯ ಮೇಲ್ಮೈಯಿಂದ ಹುಳಿ ತಾಮ್ರವನ್ನು ಎಳೆದುಕೊಂಡು ಸುಣ್ಣ ಬಳಿದಂಥ ಬಿಳುಪು ಬಿಡುತ್ತದೆ. ಸಂಗ್ರಾಹಕ ಅದನ್ನು ದೂರದಿಂದಲೇ ಗುರುತಿಸುತ್ತಾನೆ. ಪಿವಿಸಿ ಪ್ಲಾಸ್ಟಿಕ್ ಕವರಿನ ಹಸಿರು ಅಂಟಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬೆಂಕಿ ಹತ್ತಿರ ಬೇಡ.

1942, 1945 ಸವೆದಿದ್ದರೆ ತೂಕದ ಬೆಲೆಯೇ. ಕರಗಿಸಿ ಶುದ್ಧ ಮಾಡುವ ಖರ್ಚು ಇರುವುದರಿಂದ ಅಕ್ಕಸಾಲಿಗರು 5.83 ಗ್ರಾಂನ ಪೂರ್ತಿ ಬೆಲೆ ಕೊಡುವುದಿಲ್ಲ. ಮುದ್ರೆಯ ಹೊಳಪು ಉಳಿದಿದ್ದರೆ ಕರಗಿಸಬೇಡಿ. ಟಂಕಸಾಲೆಯ ಗುರುತೂ ನೋಡಿ: ಬೊಂಬಾಯಿಗೆ ಚುಕ್ಕೆ ಅಥವಾ ವಜ್ರಾಕೃತಿ, ಲಾಹೋರಿಗೆ ಎಲ್ ಅಕ್ಷರ.

"ಹಳೆ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ತೆರಿಗೆ ಕಟ್ಟಿ" ಅನ್ನುವವರ ಫೋನ್ ಎತ್ತಬೇಡಿ. ತನ್ನ ಹೆಸರಲ್ಲಿ ಹೀಗೆ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.