ಡಿಸೆಬಿಲಿಟಿ ಪೆನ್ಷನ್ ಬಾಕಿ ಯಾವ ತಾರೀಖಿನಿಂದ ಸಿಕ್ಕಿತು? ಅನುಭವ ಇದ್ದವರು ಹೇಳಿ

ಅರಕಲಗೂಡು ಹವಲ್ದಾರ್:
2011ರಲ್ಲಿ ನಿವೃತ್ತಿ ಆದೆ. ಸೇನೆಯ ಬಿಡುಗಡೆ ಮೆಡಿಕಲ್ ಬೋರ್ಡ್ ಬಿಪಿಗೆ ಶೇ. 30 ಅಂಗವೈಕಲ್ಯ ಕೊಟ್ಟು, ‘ಸೇವೆಗೆ ಸಂಬಂಧವಿಲ್ಲ’ ಅಂತ ಬರೆದಿತ್ತು. ಈಗ ಕೇಸ್ ಹಾಕಿದರೆ 2011ರಿಂದ ಬಾಕಿ ಸಿಗುತ್ತಾ? ಮೊದಲು ಇಲಾಖೆಗೆ ಅಪೀಲಾ, ನೇರ ಸೇನಾ ಟ್ರಿಬ್ಯುನಲ್ಲಾ (ಸೈನಿಕರ ಕೇಸು ನೋಡುವ ನ್ಯಾಯಮಂಡಳಿ)?

ಗದಗ ನಾಯಕ್:
ಮೂರು ವರ್ಷ ಸರ್, ಅಷ್ಟೇ. ನನ್ನದು ಮೊಣಕಾಲು. 2006ರಲ್ಲಿ ಮನೆಗೆ ಬಂದೆ, 2019ರಲ್ಲಿ ಕೇಸ್ ಹಾಕಿದೆ, ಗೆದ್ದೆ. ಬಾಕಿ ಮಾತ್ರ ಕೇಸ್ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷ. ಅದಕ್ಕೂ ಹಿಂದಿನ ಹತ್ತು ವರ್ಷದ ದುಡ್ಡಿಗೆ ಎಳ್ಳುನೀರು. 2008ರಲ್ಲಿ ಸುಪ್ರೀಂ ಕೋರ್ಟ್ ತರ್ಸೆಮ್ ಸಿಂಗ್ ಕೇಸಿನಲ್ಲಿ ಎಳೆದ ಗೆರೆ ಇದು. ಆತ 1983ರಲ್ಲಿ ಮನೆಗೆ ಬಂದು 1999ರಲ್ಲಿ ಕೋರ್ಟಿಗೆ ಹೋಗಿದ್ದ. ಹೈಕೋರ್ಟ್ ಪೂರ್ತಿ ಕೊಡಿ ಅಂದಿತ್ತು, ಮೇಲೆ ಹೋದಾಗ ಕತ್ತರಿ ಬಿತ್ತು.

ನನಗೆ ಬಂದದ್ದು 3,10,000. ವಕೀಲರು ಶೇ. 20 ಅಂತ 62,000 ಹಿಡಿದುಕೊಂಡರು. ಟೈಪಿಂಗ್ 1,500, ನೋಟರಿ 400. ಕರ್ನಾಟಕದವರ ಕೇಸು ಟ್ರಿಬ್ಯುನಲ್ಲಿನ ಕೊಚ್ಚಿ ಪೀಠಕ್ಕೆ ಹೋಗುತ್ತೆ, ಅಲ್ಲಿಯ ಲಾಡ್ಜ್ ಬಾಡಿಗೆ, ಅವರ ಊಟದ ಬಿಲ್ಲು, ಎಲ್ಲ ನನ್ನ ತಲೆಗೆ. ಉಳಿದದ್ದರಲ್ಲಿ ಬ್ಯಾಂಕಿನವರು ಟಿಡಿಎಸ್ ಮುರಿದರು.

ಸೋಮವಾರಪೇಟೆ ಸುಬೇದಾರ್:
ವಕೀಲರು ಶೇಕಡಾ ಲೆಕ್ಕದಲ್ಲಿ ಫೀ ಕೇಳುವ ಹಾಗೇ ಇಲ್ಲ, ಬಾರ್ ಕೌನ್ಸಿಲ್ ನಿಯಮ. ನೀವು ಕೊಟ್ಟಿರಿ, ಅವರು ತಗೊಂಡರು. ನಾನು ರಿಜೆಕ್ಷನ್ ಲೆಟರ್ ಬಂದ ವಾರವೇ ಮೊದಲ ಅಪೀಲ್ ಹಾಕಿದೆ. ಅದು ಬಿದ್ದ ಕೂಡಲೇ ಎರಡನೆಯದು, ಆಮೇಲೆ ಟ್ರಿಬ್ಯುನಲ್. ನಿವೃತ್ತಿಯ ಮರುದಿನದಿಂದ ಒಂದು ಪೈಸೆ ಬಿಡದೆ ಬಂತು. ಅಂಗವೈಕಲ್ಯ ಶೇ. 40 ಇದ್ದದ್ದು ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಿನ ಮೇಲೆ 50 ಆಯ್ತು. ಕೊನೆಯ ಬೇಸಿಕ್ 40,000 ಅಂತ ಇಟ್ಟುಕೊಳ್ಳಿ. ಅದರ ಶೇ. 30, ಅಂದರೆ 12,000, ಪೂರ್ತಿ ನೂರು ಅಂಗವೈಕಲ್ಯಕ್ಕೆ. ನಲವತ್ತಕ್ಕೆ 4,800, ಐವತ್ತಕ್ಕೆ 6,000. ಮೇಲೆ ಡಿಎ. ನನ್ನದು ಸಿಯಾಚಿನ್‌ನಲ್ಲಿ ಲೋಡ್ ಹೊತ್ತು ಹೋದ ಬೆನ್ನು. ಪೀಸ್ ಸ್ಟೇಷನ್‌ನಲ್ಲಿ ಕೂತು ತಿಂದು ಬಿಪಿ ತರಿಸಿಕೊಂಡವರ ಕೇಸೇ ಬೇರೆ.

ಬೈಲಹೊಂಗಲ, ಸಿಪಾಯಿ ಮನೆಯವರು:
ಸಾಹೇಬ್ರೇ, ನಾಲಗೆ ಸ್ವಲ್ಪ ಬಿಗಿ ಹಿಡೀರಿ. ನಮ್ಮ ಯಜಮಾನರದ್ದೂ ಬಿಪಿ. ಭರ್ತಿ ಆಗುವಾಗ ಫಿಟ್ ಅಂತ ಬರೆದುಕೊಂಡವರು ನಿಮ್ಮವರೇ. ಫಿಟ್ ಇದ್ದವನಿಗೆ ಸೇವೆಯಲ್ಲಿ ರೋಗ ಬಂದರೆ, ಅದು ಸೇವೆಯಿಂದ ಬಂದದ್ದಲ್ಲ ಅಂತ ತೋರಿಸಬೇಕಾದವರು ಸರ್ಕಾರದವರು. ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪು ಓದಿ.

ಆದೇಶ ಬರುವ ಹೊತ್ತಿಗೆ ಅವರೇ ಇರಲಿಲ್ಲ. ಪಿಪಿಒದಲ್ಲಿ (ಪೆನ್ಷನ್ ಮಂಜೂರಿ ಪತ್ರ) ನನ್ನ ಹೆಸರಿನ ಕೊನೆಗೆ ‘ವ್ವ’, ಆಧಾರ್‌ನಲ್ಲಿ ‘ಬಾಯಿ’. ಅಷ್ಟಕ್ಕೇ ಬಾಕಿ ಹಣ ನಿಂತಿತು. ಅಫಿಡವಿಟ್‌ಗೆ 350, ಎರಡು ಪೇಪರ್‌ನಲ್ಲಿ ಜಾಹೀರಾತಿಗೆ 2,200, ಆಮೇಲೆ ಸೇನೆಯ ದಾಖಲೆಯಲ್ಲಿ ಹೆಸರು ತಿದ್ದುವ ಪಾರ್ಟ್ ಟೂ ಆರ್ಡರ್‌ಗೆ ಕಾಯುವುದು. ಅಷ್ಟರಲ್ಲಿ ಮೈದುನ ತನಗೂ ಪಾಲು ಅಂತ ಬಂದ.

ಗದಗ ನಾಯಕ್:
ಸುಬೇದಾರ್ ಸಾಬ್, ಶೇಕಡಾ ಕೊಡದಿದ್ದರೆ ನಮ್ಮಂಥವರ ಫೈಲ್ ಯಾರು ಮುಟ್ಟುತ್ತಾರೆ? ನಿಮ್ಮ ಮಗನೇ ವಕೀಲ ಅಂತ ನೀವೇ ಹಿಂದೆ ಬರೆದಿದ್ದಿರಿ.

ಸೋಮವಾರಪೇಟೆ ಸುಬೇದಾರ್:
ಮಗ ಅಲ್ಲ, ಅಳಿಯ. ಅವನಿಗೂ 15,000 ಕೊಟ್ಟಿದ್ದೇನೆ, ರಸೀದಿ ಇದೆ. ಟಿಡಿಎಸ್ ಅಂತ ಅಳುವ ಮೊದಲು ಫಾರ್ಮ್ 10ಇ ತುಂಬಿದ್ರಾ? ರಿಟರ್ನ್ ಹಾಕುವ ಮುಂಚೆ ತುಂಬಿದ್ದರೆ ಬಾಕಿ ಹಣದ ತೆರಿಗೆಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 89ರಲ್ಲಿ ರಿಲೀಫ್ ಇತ್ತು.

ಅರಕಲಗೂಡು ಹವಲ್ದಾರ್:
ಅಪೀಲ್ ಮೊದಲಾ ಅಂತ ಯಾರಾದರೂ ಹೇಳ್ತೀರಾ?

ಗದಗ ನಾಯಕ್:
ಡಿಸೆಬಿಲಿಟಿ ಪೆನ್ಷನ್‌ಗೆ ಟ್ಯಾಕ್ಸೇ ಇಲ್ಲ. 10ಇ ಯಾಕೆ ತುಂಬಬೇಕು? ಸುಮ್ನೆ ದಾರಿ ತಪ್ಪಿಸಬೇಡಿ.

ಸೋಮವಾರಪೇಟೆ ಸುಬೇದಾರ್:
ತೆರಿಗೆ ಮಂಡಳಿಯ 2019ರ ಜೂನ್ ಸುತ್ತೋಲೆ ನೋಡಿದ್ದೀರಾ? ವಿನಾಯಿತಿ ಮೆಡಿಕಲ್ ಮೇಲೆ ಮನೆಗೆ ಕಳಿಸಿದವರಿಗೆ, ಅವಧಿ ಮುಗಿಸಿ ಬಂದವರಿಗೆ ಇಲ್ಲ ಅಂದಿದ್ದಾರೆ.

ಬೈಲಹೊಂಗಲ, ಸಿಪಾಯಿ ಮನೆಯವರು:
ಆ ಸುತ್ತೋಲೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದೆ, ಅದನ್ನೂ ಹೇಳಿ. ಅರ್ಧ ಹೇಳಿ ಹೆದರಿಸಬೇಡಿ.

ಸೋಮವಾರಪೇಟೆ ಸುಬೇದಾರ್:
ಅಕ್ಕ, ನಾನು ಹೆದರಿಸ್ತಿಲ್ಲ. ನಾಯಕ್ ಅವರು ಮೊದಲು ತಮ್ಮ ಪಿಪಿಒ ತೆಗೆದು ನೋಡಲಿ, ‘ಇನ್‌ವ್ಯಾಲಿಡ್’ (ಮೆಡಿಕಲ್ ಮೇಲೆ ಕಳಿಸಿದ್ದು) ಅಂತಿದೆಯೋ ‘ಡಿಸ್ಚಾರ್ಜ್’ (ಅವಧಿ ಮುಗಿಸಿದ್ದು) ಅಂತಿದೆಯೋ.