ಕಬಾಯಿ ಕಂಕುಳಲ್ಲಿ ಹಿಡಿಯುತ್ತಿದೆ, ಹೊಲಿದು ನೋಡಿದವರು ಹೇಳಿ

ಸೂಜಿಮಲ್ಲಿಗೆ:
ನವೆಂಬರ್ 1ಕ್ಕೆ ನಮ್ಮ ಬಡಾವಣೆಯಲ್ಲಿ ವಿಜಯನಗರದ ನಾಟಕ, ನನ್ನ ತಮ್ಮನೇ ಕೃಷ್ಣದೇವರಾಯ. ಬಾಡಿಗೆ ವೇಷ ಬೇಡ ಅಂತ ಕಬಾಯಿ (ಆಸ್ಥಾನದ ನಿಲುವಂಗಿ), ಕುಲ್ಲಾಯಿ (ಉದ್ದ ಟೋಪಿ) ಎರಡನ್ನೂ ಲೇಪಾಕ್ಷಿ ಗುಡಿಯ ವಿಜಯನಗರ ಕಾಲದ ಚಿತ್ರ ನೋಡಿಕೊಂಡು ಕೈಯಲ್ಲೇ ಹೊಲಿಯುತ್ತಿದ್ದೇನೆ. ತೋಳು ನೇರವಾಗಿ ಕೂಡಿಸಿದ್ದೇನೆ. ಸುಮ್ನೆ ನಿಂತರೆ ಚೆನ್ನಾಗಿ ಕೂರುತ್ತದೆ, ಕತ್ತಿ ಎತ್ತಿದ ಕೂಡಲೇ ಕಂಕುಳಲ್ಲಿ ಹಿಡಿದು ಇಡೀ ಕಬಾಯಿ ನಡುಕಟ್ಟಿನಿಂದ ಮೇಲೆ ಬರುತ್ತದೆ. ಕಂಕುಳು ಇನ್ನೂ ಕೆಳಗೆ ಇಳಿಸಲಾ? ಎದೆ 42, ಹೊಟ್ಟೆ 44. 18 ದಿನ ಉಳಿದಿದೆ.

ಬಿಚ್ಚಿಹೊಲಿ:
ಮೊದಲು ಕತ್ತರಿ ಕೆಳಗಿಡಿ! ನಾನು ಇದೇ ತಪ್ಪು ಮಾಡಿ ಎರಡು ವರ್ಷ ಆಯಿತು, ಇನ್ನೂ ಆ ಫೋಟೋ ತೆಗೆದು ನೋಡಲ್ಲ. ಧರ್ಮಾವರಂ ರೇಷ್ಮೆ 5 ಮೀಟರ್, ಮೀಟರಿಗೆ 1,150, ಅಲ್ಲಿಗೆ 5,750. ಲೈನಿಂಗ್ 550. ಜರಿ ಅಂಚು 900. ಒಟ್ಟು 7,200, ಬಸ್ ಖರ್ಚು ಬಿಟ್ಟು. ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ತೊಡಿಸಿ ನೋಡು ಅಂತ ಅತ್ತೆ ಹೇಳಿದ್ದರು, 300 ರೂಪಾಯಿ ಉಳಿಸೋಕೆ ಹೋಗಿ ಕೆಟ್ಟೆ. ಹಿಡಿಯುತ್ತಿದೆ ಅಂತ ಕಂಕುಳು ಅರ್ಧ ಇಂಚು ಇಳಿಸಿದೆ. ಇನ್ನೂ ಜಾಸ್ತಿ ಹಿಡಿಯಿತು. ಮತ್ತೆ ಅರ್ಧ ಇಂಚು. ಹೀಗೆ ಮೂರು ಸಲ, ಕೊನೆಗೆ ಬಾವಲಿ ರೆಕ್ಕೆ. ತೋಳು ಮೈಗೆ ಕೂಡೋ ಜಾಗ ಕೆಳಗೆ ಹೋದಷ್ಟೂ, ಕೈ ಎತ್ತಿದಾಗ ಪಕ್ಕದ ಬಟ್ಟೆಯನ್ನೆಲ್ಲ ಎಳೆದುಕೊಂಡೇ ಏಳುತ್ತದೆ, ಅದು ನನಗೆ ಆಮೇಲೆ ಹೊಳೆದದ್ದು. ಕಂಕುಳಿಗೆ ಚೌಕ ತುಂಡು ಕೊಡಬೇಕಿತ್ತು. ಕೊಡೋಣ ಅಂದರೆ ಬಟ್ಟೆ ಚೂರೂ ಉಳಿದಿಲ್ಲ. ಅದೇ ಅಂಗಡಿಗೆ ಓಡಿದೆ, ಅದೇ ಬಣ್ಣ ಅಂತ ಕೊಟ್ಟರು. ಲೈಟ್ ಕೆಳಗೆ ನೋಡಿದರೆ ಒಂದು ಮಾವಿನಕಾಯಿ, ಇನ್ನೊಂದು ಮಾವಿನಹಣ್ಣು.

ಹಳೇರಂಗ:
22 ವರ್ಷದಿಂದ ನಾಟಕಕ್ಕೆ ಬಟ್ಟೆ ಹೊಲಿಯುತ್ತಿದ್ದೇನೆ. ಕೈಹೊಲಿಗೆ ಮೂರನೇ ಸಾಲಿಗೇ ಕಾಣಲ್ಲ. ಪಾಲಿಯೆಸ್ಟರ್ ತಗೊಳ್ಳಿ, ಬೆನ್ನಿಗೆ ಜಿಪ್ ಹಾಕಿ, ಮುಗೀತು. ರಾಜನಾದವನೇ ಎರಡು ನಿಮಿಷದಲ್ಲಿ ಸನ್ಯಾಸಿಯಾಗಿ ಬರಬೇಕು ಅಂದರೆ ಲಾಡಿ ಬಿಚ್ಚುತ್ತಾ ಕೂರೋಕಾಗುತ್ತಾ? ಇನ್ನೊಂದು, ಅಳತೆಯನ್ನು ಬನಿಯನ್ ಮೇಲೆ ತೆಗೆಯೋರು ದಡ್ಡರು. ಒಳಗಿನ ಕಚ್ಚೆ ಉಡಿಸಿ ಆಮೇಲೆ ಟೇಪು ಹಿಡಿಯಿರಿ, ಸೊಂಟ ಎರಡು ಇಂಚು ಏರಿರುತ್ತದೆ.

ಬಿಚ್ಚಿಹೊಲಿ:
ಕಬಾಯಿಗೆ ಜಿಪ್ಪಾ? ಹಾಗಾದರೆ ಕೈಗೆ ವಾಚೂ ಕಟ್ಟಿ.

ಹಳೇರಂಗ:
7,200 ಸುರಿದು ಬಾವಲಿ ಮಾಡಿದವರ ಹತ್ತಿರ ನಾನು ಕಲಿಯಬೇಕಾ? ನನಗೂ ಪೆಟ್ಟು ಬಿದ್ದಿದೆ, ಇಲ್ಲ ಅನ್ನಲ್ಲ. ಒಂದು ಸಲ ಜಿಪ್ ಬದಲು ವೆಲ್ಕ್ರೋ ಹಾಕಿದ್ದೆ. ರಾಜ ಸಾಯೋ ದೃಶ್ಯ, ಸಭೆಯೆಲ್ಲ ಗಪ್‌ಚುಪ್. ಅವನು ಕೊನೇ ಉಸಿರು ಎಳೆದ, ಪರ್ರ್ ಅಂತ ಬೆನ್ನು ಬಿಟ್ಟುಕೊಂಡಿತು. ಜನ ಏನಂದುಕೊಂಡರೋ ಅದನ್ನೇ ಅಂದುಕೊಂಡರು. ಅವನು ಇವತ್ತಿಗೂ ನನ್ನ ಹತ್ತಿರ ಮಾತಾಡಲ್ಲ.

ಡಾಲಸ್ ಅತ್ತಿಗೆ:
ಕುಲ್ಲಾಯಿ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ, ನಿಜವಾದ ತಲೆನೋವು ಅದೇ. ಇಲ್ಲಿ ರಾಜ್ಯೋತ್ಸವಕ್ಕೆ 14 ಇಂಚಿನದು ಮಾಡಿದೆ. ಬಕ್ರಮ್ (ಒಳಗೆ ಹಾಕೋ ಗಟ್ಟಿ ಬಟ್ಟೆ), ಬ್ರೊಕೇಡ್, ಅಂಟು ಸೇರಿ 63 ಡಾಲರ್. ತಲೆ ಅಳತೆ ಮೊದಲೇ ತೆಗೆದಿದ್ದೆ, ಮಹಾರಾಯ ಹಿಂದಿನ ದಿನ ಕೂದಲು ಕತ್ತರಿಸಿಕೊಂಡು ಬಂದ. ಒಳಗೆ ಸ್ಪಂಜು ತುರುಕಿದೆ. ಬೆವರಿಗೆ ಬಕ್ರಮ್ ಮೆತ್ತಗಾಗಿ ಮೊದಲನೇ ಅಂಕದಲ್ಲೇ ಮಂತ್ರಿಯ ಕಡೆಗೆ ಬಗ್ಗಿ ನಿಂತಿತು, ಏನೋ ಗುಟ್ಟು ಹೇಳೋ ಹಾಗೆ. ಈಗ ನಾನು ಒಳಪಟ್ಟಿ ಹತ್ತಿಯದೇ ಹಾಕೋದು, ಹಿಂದುಗಡೆ ಒಂದು ಇಂಚು ಕೆಳಗೆ ಇಳಿಸಿ, ಕೂದಲ ಅಡಿಗೆ ಎಲಾಸ್ಟಿಕ್.

ಕಾಲುಗೆಜ್ಜೆ:
ರಾಜನಿಗೆ ಕಿರೀಟ ಬಿಟ್ಟು ಟೋಪಿ ಯಾಕೆ? ಆ ಹೆಸರುಗಳೇ ನಮ್ಮವಲ್ಲ.

ಡಾಲಸ್ ಅತ್ತಿಗೆ:
ಹೌದು, ಒಂದು ಅರಬ್ಬೀ ‘ಕಬಾ’, ಇನ್ನೊಂದು ಪಾರಸಿ ‘ಕುಲಾಹ್’. ಅದಕ್ಕೇನೀಗ? ತಿರುಮಲದಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ರಾಯರ ಮೂರ್ತಿ ನೋಡಿ, ತಲೆ ಮೇಲೆ ಉದ್ದ ಟೋಪಿಯೇ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಜರಿ ಟೋಪಿ ಅಂತಲೇ ಬರೆದಿದ್ದಾನೆ. ಬಿಳಿ ಬಟ್ಟೆ, ಅದರ ಮೇಲೆ ಚಿನ್ನದ ಗುಲಾಬಿ ಕಸೂತಿ, ಬರಿಗಾಲು.

ಕಾಲುಗೆಜ್ಜೆ:
ಆ ಮೂರ್ತಿಯ ಮೈಮೇಲೆ ಅಂಗಿಯೇ ಇಲ್ಲ, ಅದನ್ನೂ ಹೇಳಿ. ಇವರ ತಮ್ಮನನ್ನೂ ಹಾಗೇ ನಿಲ್ಲಿಸಿದರೆ ಕಂಕುಳು ಹಿಡಿಯೋ ಮಾತೇ ಬರಲ್ಲ.

ಬಿಚ್ಚಿಹೊಲಿ:
ಅದು ದೇವರ ಮುಂದೆ ನಿಂತಿರೋದು ಸ್ವಾಮಿ. ಗುಡಿ ಒಳಗೆ ನೀವೂ ಅಂಗಿ ತೆಗೆಯಲ್ವಾ? ಆಸ್ಥಾನಕ್ಕೆ ಕಬಾಯಿ.

ಹಳೇರಂಗ:
44 ಹೊಟ್ಟೆಗೆ ಬರಿಮೈ ಬೇಡ, ನನ್ನ ಮಾತು ಕೇಳಿ. ಜಿಪ್ ಹಾಕಿ.

ಸೂಜಿಮಲ್ಲಿಗೆ:
ನನ್ನ ತಮ್ಮನ ಹೊಟ್ಟೆ ವಿಷಯ ನಿಮಗೆ ಬೇಡ ಸರ್. ತೋಳಿನ ಅಡಿ ಹೊಲಿಗೆ 4 ಇಂಚು, ಪಕ್ಕದ ಹೊಲಿಗೆ 4 ಇಂಚು ಬಿಚ್ಚಿ, ಕೋರಾ ಬಟ್ಟೆಯ 4 ಇಂಚಿನ ಚೌಕವನ್ನು ಮೂಲೆ ಮೇಲೆ ಬರುವ ಹಾಗೆ ಕೂರಿಸಿ ನೋಡಿದೆ. ಬಲಗೈ ಈಗ ಕತ್ತಿ ಸಮೇತ ಪೂರ್ತಿ ಏಳುತ್ತದೆ, ನಡುಕಟ್ಟು ಅಲುಗಲ್ಲ. ಎಡಗೈ ನಾಳೆ. ಬರಿಗಾಲು ಅಂತ ಈಗ ಹೇಳ್ತೀರಲ್ಲ ಅತ್ತಿಗೆ, ಮೋಜಡಿಗೆ 1,800 ಕೊಟ್ಟಾಗಿದೆ. ವಾಪಸ್ ತಗೊಳ್ತಾರಾ?

ಬಿಚ್ಚಿಹೊಲಿ:
ತಗೊಳ್ಳಲ್ಲ. ನನ್ನ ಹತ್ತಿರವೇ 9ನೇ ನಂಬರಿನದು ಎರಡು ಜೊತೆ ಬಿದ್ದಿದೆ.